ಪರದೇಶಿ ಪರದೆ: ಬೀಪ್... ಬೀಪ್... ಅಪ್ಪ ಬಂದ!

ಫೈಟಿಂಗ್ ಇಲ್ಲ. ಹಿನ್ನೆಲೆ ಸಂಗೀತ ಇಲ್ಲ. ಗುಡುಗು ಸಿಡಿಲಂತೂ ಇಲ್ಲವೇ ಇಲ್ಲ. ಇರುವುದು ಒಂದು ಗಾಡಿ, ಒಳಗೆ ಆನೆಯಂಥ ಒಬ್ಬ ಅಪ್ಪ, ಪಕ್ಕದಲ್ಲಿ ಹನ್ನೊಂದು ವರ್ಷದ ಮಗ. ಸೀಟ್ ಬೆಲ್ಟ್ ಹಾಕಿಲ್ಲ ಅಂತ ಗಾಡಿ ಬೀಪ್... ಬೀಪ್... ಅಂತ ಬಡಿದುಕೊಳ್ಳುತ್ತಿರುತ್ತದೆ. ಅಷ್ಟಕ್ಕೇ ನೋಡುವವನ ಅಂಗೈ ಬೆವರುತ್ತದೆ ಕಣ್ರೀ!

ಫ್ರೆಂಚ್ ಚಿತ್ರ ‘ಜುಸ್ಕಾ ಲಾ ಗಾರ್ದ್’. ಹೊರದೇಶಗಳಲ್ಲಿ ‘ಕಸ್ಟಡಿ’ ಅಂತ ಹೆಸರು. ಫ್ರೆಂಚರ ‘ಗಾರ್ದ್’ ಪದಕ್ಕೆ ಎರಡು ಅರ್ಥ: ಮಗುವನ್ನು ಸುಪರ್ದಿಗೆ ಪಡೆಯುವುದು ಒಂದು, ಕತ್ತಿಯ ಹಿಡಿ ಇನ್ನೊಂದು. ಕತ್ತಿ ಹಿಡಿಯವರೆಗೂ ಇಳಿಯಿತು ಅನ್ನುವುದೂ ಅದೇ ಹೆಸರಿನಲ್ಲಿದೆ. ನಿರ್ದೇಶಕ ಗ್ಝಾವಿಯೇ ಲೆಗ್ರಾಂ. ಎಂಟು ವರ್ಷದ ಪೋರನಾಗಿದ್ದಾಗಲೇ ಲೂಯಿ ಮಾಲ್ ಅವರ 1987ರ ‘ಓ ರೆವ್ವಾರ್ ಲೆ ಜಾಂಫಾಂ’ ಚಿತ್ರದಲ್ಲಿ ಸಣ್ಣ ಪಾತ್ರ ಮಾಡಿದ್ದ ಆಸಾಮಿ, ಆಮೇಲೆ ನಾಟಕದ ನಟ. ಇದು ಅವನ ಮೊದಲ ಪೂರ್ಣ ಪ್ರಮಾಣದ ಚಿತ್ರ. ಮೊದಲ ಏಟಿಗೇ 2017ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶಕನ ಬೆಳ್ಳಿ ಸಿಂಹ! 2019ರಲ್ಲಿ ಫ್ರಾನ್ಸಿನ ಸೆಸಾರ್ ಪ್ರಶಸ್ತಿಗಳಲ್ಲಿ ಶ್ರೇಷ್ಠ ಚಿತ್ರ, ಶ್ರೇಷ್ಠ ನಟಿ ಸೇರಿ ನಾಲ್ಕು.

ಕತೆ ಶುರುವಾಗುವುದು ನ್ಯಾಯಾಧೀಶೆಯ ಕೋಣೆಯಲ್ಲಿ. ಗಂಡ ಆಂತ್ವಾನ್, ಹೆಂಡತಿ ಮಿರಿಯಂ, ಇಬ್ಬರಿಗೂ ಒಬ್ಬೊಬ್ಬ ವಕೀಲೆ. ಮಗ ಜೂಲಿಯೆನ್‌ನ ಹೇಳಿಕೆಯನ್ನು ಓದುತ್ತಾರೆ: ಅಪ್ಪನನ್ನು ನೋಡುವುದೇ ಬೇಡ ಅಂತ. ‘ತಾಯಿ ತಲೆಗೆ ತುಂಬಿದ್ದು’ ಎಂಬ ಧಾಟಿ ಅಪ್ಪನ ಕಡೆಯ ವಕೀಲೆಯದು. ಆಂತ್ವಾನ್ ಶಾಂತವಾಗಿ ಕೂತಿದ್ದಾನೆ, ಮಕ್ಕಳು ಬೇಕು ಅನ್ನುತ್ತಾನೆ. ಮಿರಿಯಂ ಅಳುವುದಿಲ್ಲ, ಹೆಚ್ಚು ಮಾತೂ ಇಲ್ಲ, ಮುಖ ಕಲ್ಲಿನಂತೆ. ಯಾರು ಸತ್ಯ, ಯಾರು ಸುಳ್ಳು? ನಾವೂ ಆ ನ್ಯಾಯಾಧೀಶೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತುಬಿಡುತ್ತೇವೆ. ನಿಜ ಹೇಳಿ ಗುರುವೇ, ಆ ಹೊತ್ತಿನಲ್ಲಿ ನಿಮ್ಮ ಓಟು ಯಾರಿಗೆ? ಅರ್ಧ ಥಿಯೇಟರು ‘ಪಾಪ, ಅಪ್ಪ’ ಅನ್ನುತ್ತದೆ. ತೀರ್ಪೂ ಹಾಗೇ ಬರುತ್ತದೆ: ವಾರ ಬಿಟ್ಟು ವಾರ, ಶನಿವಾರ ಭಾನುವಾರ ಹುಡುಗ ಅಪ್ಪನ ಜೊತೆ ಇರಬೇಕು. ಅಕ್ಕ ಜೋಸೆಫೀನ್‌ಗೆ ಹದಿನೆಂಟು ತುಂಬುತ್ತಾ ಬಂದಿದೆ, ಅವಳನ್ನು ಯಾರೂ ಎಳೆಯುವ ಹಾಗಿಲ್ಲ. ಉಳಿದವನು ಚಿಕ್ಕವನೊಬ್ಬನೇ.

ಇಲ್ಲಿಂದ ಮುಂದೆ ನಿರ್ದೇಶಕ ಮಹಾಶಯನ ಚಾಲಾಕಿ ನೋಡಬೇಕು. ನಮ್ಮ ವಜ್ರಮುನಿಯವರ ಹಾಗೆ ಗುಡುಗಿಕೊಂಡು ಬರುವ ಖಳನಾಯಕ ಇಲ್ಲಿಲ್ಲ. ಆಂತ್ವಾನ್‌ಗೆ ಬೇಕಾಗಿರುವುದು ಒಂದೇ, ಹೆಂಡತಿ ಎಲ್ಲಿದ್ದಾಳೆ ಅನ್ನುವ ವಿಳಾಸ. ಮಗ ಅನ್ನುವವನು ಅಲ್ಲಿಗೆ ಹೋಗುವ ದಾರಿ, ಅಷ್ಟೇ. ಅಮ್ಮನ ಫೋನ್ ನಂಬರ್ ಏನು? ಈಗ ಎಲ್ಲಿದ್ದೀರಿ? ಮೆಲ್ಲಗೆ ಕೇಳುತ್ತಾನೆ, ಮತ್ತೆ ಕೇಳುತ್ತಾನೆ. ಜೂಲಿಯೆನ್ ಸುಳ್ಳು ಹೇಳುತ್ತಾನೆ, ತಪ್ಪು ಮನೆ ತೋರಿಸುತ್ತಾನೆ. ಅಮ್ಮನನ್ನು ಕಾಯುವ ಕಾವಲುಗಾರ ಆ ಹನ್ನೊಂದರ ಪೋರ! ತೊಮಾ ಜಿಯೊರಿಯಾ ಎಂಬ ಆ ಹುಡುಗನ ಮುಖವನ್ನು ಕ್ಯಾಮೆರಾ ಬಿಡುವುದೇ ಇಲ್ಲ. ತುಟಿ ಅದುರುತ್ತದೆ, ಕಣ್ಣು ತುಂಬುತ್ತದೆ, ಬಾಯಿ ಮಾತ್ರ ಬಿಡುವುದಿಲ್ಲ. ಪಕ್ಕದಲ್ಲಿ ಬೀಪ್... ಬೀಪ್...

ಆಂತ್ವಾನ್ ಆಗಿರುವವನು ಡೆನಿ ಮೆನೋಷೆ. ಟಾರಾಂಟಿನೋ ಅವರ 2009ರ ‘ಇನ್‌ಗ್ಲೋರಿಯಸ್ ಬಾಸ್ಟರ್ಡ್ಸ್’ ನೋಡಿದವರಿಗೆ ನೆನಪಿರಬೇಕು: ಮೊದಲ ದೃಶ್ಯದಲ್ಲಿ ನಾಜಿ ಅಧಿಕಾರಿಯ ಮುಂದೆ ಕೂತು ಒಳಗೊಳಗೇ ಕುಸಿಯುವ ರೈತ. ಅಲ್ಲಿ ಹೆದರಿದವನೇ ಇಲ್ಲಿ ಹೆದರಿಸುತ್ತಾನೆ. ಕೊನೆಗೂ ಮನೆ ಪತ್ತೆಯಾಗುತ್ತದೆ. ಆಂತ್ವಾನ್ ಒಳಗೆ ಬರುತ್ತಾನೆ, ಕೋಣೆ ಕೋಣೆ ನೋಡುತ್ತಾನೆ, ಆಮೇಲೆ ಮಿರಿಯಂಳನ್ನು ತಬ್ಬಿಕೊಂಡು ‘ನಾನು ಬದಲಾಗಿದ್ದೇನೆ’ ಅಂತ ಅಳುತ್ತಾನೆ. ಗಂಡಸು ಅತ್ತರೆ ಸಾಕು, ನಮ್ಮ ಚಿತ್ರಗಳಲ್ಲಿ ಹೆಂಡತಿ ಕಣ್ಣೊರೆಸಿ ಕ್ಷಮಿಸಿಬಿಡುತ್ತಾಳೆ, ಮರುಕ್ಷಣ ಹಾಡು! ಇಲ್ಲಿ ಅವನ ಕಣ್ಣೀರು ನೋಡಬೇಡಿ, ಅವಳ ಮೈ ನೋಡಿ. ಲೇಯಾ ದ್ರುಕೇರ್ ಅಲ್ಲಾಡದೆ ನಿಂತಿದ್ದಾಳೆ. ಈ ಅಳು ಅವಳಿಗೆ ಹೊಸದಲ್ಲ. ಅದರ ಹಿಂದೆ ಏನು ಬರುತ್ತದೆ ಅನ್ನುವುದೂ ಗೊತ್ತು. ಆ ವರ್ಷ ನಟಿ ಪ್ರಶಸ್ತಿ ಇನ್ನಾರಿಗೆ ಹೋಗಬೇಕಿತ್ತು ಹೇಳಿ?

ಒಂದು ತಕರಾರು ಇದೆ. ಜೋಸೆಫೀನ್ ಬಸುರಿಯೋ ಅಲ್ಲವೋ ಅನ್ನುವ ಎಳೆಯನ್ನು ಶೌಚಾಲಯದ ಬಾಗಿಲ ಕೆಳಗೆ ಬರೀ ಕಾಲು ತೋರಿಸಿ ಜಾಣತನದಿಂದ ಎತ್ತುತ್ತಾನೆ ಲೆಗ್ರಾಂ, ಆಮೇಲೆ ಮರೆತೇಬಿಡುತ್ತಾನೆ. ಆದರೆ ಅವಳ ಹುಟ್ಟುಹಬ್ಬದ ಪಾರ್ಟಿ ಬಂದಾಗ ಆ ಸಿಟ್ಟು ಇಳಿಯುತ್ತದೆ. ವೇದಿಕೆ ಮೇಲೆ ಅವಳು ಹಾಡುತ್ತಿದ್ದಾಳೆ, ಸದ್ದೋ ಸದ್ದು. ಕೆಳಗೆ ಮನೆಯವರು ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಹೇಳುತ್ತಿದ್ದಾರೆ. ನಮಗೆ ಒಂದಕ್ಷರ ಕೇಳಿಸುವುದಿಲ್ಲ. ಕೇಳಿಸಬೇಕಾಗಿಯೂ ಇಲ್ಲ. ಅವನು ಹೊರಗೆ ಬಂದಿದ್ದಾನೆ ಅಂತ ಮುಖಗಳೇ ಹೇಳುತ್ತವೆ.

ಇದೆಲ್ಲ ಕಟ್ಟುಕತೆ ಅಂತ ತಳ್ಳಿಹಾಕುವ ಹಾಗಿಲ್ಲ ಸ್ವಾಮಿ. ಫ್ರಾನ್ಸ್ ಸರ್ಕಾರದ ಲೆಕ್ಕದಲ್ಲೇ 2019ರ ಒಂದೇ ವರ್ಷ ಗಂಡ, ಮಾಜಿ ಗಂಡ ಅಥವಾ ಸಂಗಾತಿಯ ಕೈಯಲ್ಲಿ ಸತ್ತ ಹೆಂಗಸರು 146. ಅಲ್ಲಿ ಹೊಡೆತ ತಿಂದವರು ಫೋನ್ ಮಾಡುವ ನಂಬರ್ 3919. ಆ ಅಂಕಿಗೆ ಸರಿಯಾಗಿ 3-9-19ರಂದು ಸರ್ಕಾರ ದೊಡ್ಡ ಸಮಾಲೋಚನೆ ಶುರು ಮಾಡಿತು, ವರ್ಷ ಮುಗಿಯುವುದರೊಳಗೆ ಹೊಸ ಕಾನೂನೂ ಬಂತು. ಲೆಗ್ರಾಂ ಅದಕ್ಕೂ ಮೊದಲೇ ಈ ಕತೆ ಹಿಡಿದಿದ್ದ. 2013ರ ಅವನ ಅರ್ಧ ಗಂಟೆಯ ಕಿರುಚಿತ್ರದಲ್ಲಿ ಇದೇ ಮಿರಿಯಂ ಮಕ್ಕಳನ್ನು ಕಟ್ಟಿಕೊಂಡು ಗಂಡನಿಂದ ಓಡುತ್ತಾಳೆ. ಗಂಡ ಹೆಂಡತಿ ಅದೇ ನಟರು. ಆಸ್ಕರ್ ನಾಮಕರಣದವರೆಗೂ ಹೋಯಿತು. ಸಿಕ್ಕರೆ ಮೊದಲು ಅದನ್ನು ನೋಡಿ.

ಕ್ಲೈಮ್ಯಾಕ್ಸ್ ಪೂರ್ತಿ ಹೇಳುವುದಿಲ್ಲ, ಹೇಳಿದರೆ ನೀವೇ ಬೈಯುತ್ತೀರಿ. ಇಷ್ಟು ಮಾತ್ರ: ರಾತ್ರಿ. ಕೆಳಗಿನಿಂದ ಕರೆಗಂಟೆ. ಒಮ್ಮೆ, ಎರಡು ಸಲ, ನಿಲ್ಲದೆ. ಆಮೇಲೆ ನಿಶ್ಶಬ್ದ. ಆಮೇಲೆ ಲಿಫ್ಟ್ ಏರುವ ಸದ್ದು. ಒಳಗೆ ಕತ್ತಲಲ್ಲಿ ತಾಯಿ ಮಗ ಉಸಿರು ಬಿಗಿಹಿಡಿದಿದ್ದಾರೆ. ಎದುರು ಮನೆಯಲ್ಲಿ ಒಬ್ಬ ಮುದುಕಿಗೆ ಎಚ್ಚರವಾಗಿದೆ. ಆಕೆ ಫೋನ್ ಕೈಗೆತ್ತಿಕೊಳ್ಳುತ್ತಾಳೆ.