ಮದ್ದು ಎಲ್ಲರದು, ಸೂಜಿ ಯಾರದು?

ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಿಗೆ ಬಹಿರಂಗ ಪತ್ರ



ನಾನು ಕಾರ್ಕಳ ತಾಲೂಕಿನ ಅಡಿಕೆ ಕೃಷಿಕ. ಕಳೆದ ಮಳೆಗಾಲದ ಹೊಸ್ತಿಲಲ್ಲಿ ಅಡಿಕೆಗೆ ಮದ್ದು ಬಿಡುತ್ತಿದ್ದ ನನ್ನ ತಮ್ಮನಿಗೆ ಹೆಜ್ಜೇನು ಕಡಿಯಿತು. ನೋಡನೋಡುತ್ತಿದ್ದಂತೆ ಮೈಯೆಲ್ಲ ದದ್ದೆದ್ದು, ಮುಖ ಊದಿ, ಉಸಿರು ಕಟ್ಟತೊಡಗಿತು. ಜೀಪಿನಲ್ಲಿ ಹಾಕಿಕೊಂಡು ಕ್ಲಿನಿಕ್ಕಿಗೆ ಓಡಿದೆವು. ನರ್ಸ್ ಗಾಜಿನ ಆಂಪ್ಯೂಲ್ ಮುರಿದು, ಅರ್ಧ ಎಂಎಲ್ ಅಡ್ರಿನಾಲಿನ್ ಎಳೆದು ತೊಡೆಗೆ ಚುಚ್ಚಿದರು. ತಮ್ಮ ಬದುಕಿದ.

ಇದೇ ಮದ್ದು ಒಂದೇ ಡೋಸಿನಂತೆ, ಸೂಜಿಯ ಸಮೇತ ಪೆನ್ನಿನೊಳಗೆ ಬರುತ್ತದೆ, ತೊಡೆಗೆ ಒತ್ತಿ ಹಿಡಿದರೆ ಸಾಕು ಎಂದರು ಡಾಕ್ಟರು. ಕಾರ್ಕಳ, ಉಡುಪಿ, ಮಣಿಪಾಲದ ಔಷಧದಂಗಡಿಗಳಲ್ಲಿ ವಿಚಾರಿಸಿದೆ, ಸಿಗಲಿಲ್ಲ. ಸಿಗಡಿ ಆಗದ ಮಗನಿಗಾಗಿ ತಂಗಿ ಕಾಪುವಿನಲ್ಲಿ ಕೇಳಿದಳು, ಅಲ್ಲೂ ಇಲ್ಲ.

ಅಡ್ರಿನಾಲಿನ್ ಹೊಸ ಮದ್ದೇನಲ್ಲ. ಜಪಾನಿನ ಜೋಕಿಚಿ ತಕಾಮಿನೆ ಅದನ್ನು ಬೇರ್ಪಡಿಸಿ ನೂರು ವರ್ಷ ಎಂದೋ ದಾಟಿತು. ಅದರ ಪೇಟೆಂಟಿನ ಜಗಳ 1911ರಲ್ಲೇ ಅಮೆರಿಕದ ಕೋರ್ಟಿನ ಮೆಟ್ಟಿಲು ಹತ್ತಿತ್ತು. ಮದ್ದಿನ ಮೇಲೆ ಈಗ ಯಾರ ಹಕ್ಕೂ ಇಲ್ಲ. ಹಕ್ಕಿನ ಜಗಳವೆಲ್ಲ ಪೆನ್ನಿನ ಸ್ಪ್ರಿಂಗು, ಸೂಜಿ, ಮುಚ್ಚಳದ್ದು. ಅಮೆರಿಕದಲ್ಲಿ ಇಂಥದೇ ಪೆನ್ನಾದ ಎಪಿಪೆನ್ ಜೋಡಿಯ ಬೆಲೆ 2007ರಲ್ಲಿ ಸುಮಾರು 100 ಡಾಲರ್ ಇದ್ದದ್ದು 2016ಕ್ಕೆ 600ಕ್ಕೆ ಏರಿತು. ಅದಕ್ಕೆ ಬದಲಿ ತರಲು ಹೊರಟ ಟೆವಾ ಕಂಪನಿ 2009ರಲ್ಲಿ ಪೇಟೆಂಟ್ ದಾವೆ ಎದುರಿಸಿತು, 2012ರಲ್ಲಿ ರಾಜಿಯಾಯಿತು, ಕೊನೆಗೆ ಅನುಮತಿ ಸಿಕ್ಕಿದ್ದು 2018ರಲ್ಲಿ.

ನಮ್ಮಲ್ಲಿ ಪೆನ್ನು ಸಿಗದಿರುವುದಕ್ಕೂ ಪೇಟೆಂಟೇ ಕಾರಣ ಎಂದು ನಾನು ದೂರುತ್ತಿಲ್ಲ. ಕಾರಣ ಹುಡುಕುವ ದಾರಿಯನ್ನೇ ಸರಕಾರ ಕಿರಿದು ಮಾಡಿದೆ ಎಂಬುದು ನನ್ನ ದೂರು. ಪೇಟೆಂಟ್ ಪಡೆದವರು ಆ ವಸ್ತುವನ್ನು ಈ ದೇಶದಲ್ಲಿ ಬಳಕೆಗೆ ತಂದಿದ್ದಾರೆಯೇ ಎಂದು ನಮೂನೆ 27ರಲ್ಲಿ ಪ್ರತಿವರ್ಷ ತಿಳಿಸಬೇಕಿತ್ತು. 2024ರ ಮಾರ್ಚಿನ ನಿಯಮಗಳ ಪ್ರಕಾರ ಈಗ ಮೂರು ವರ್ಷಕ್ಕೊಮ್ಮೆ ತಿಳಿಸಿದರೆ ಸಾಕು. ಪೇಟೆಂಟ್ ಕೊಡುವ ಮುನ್ನ ಯಾರು ಬೇಕಾದರೂ ಆಕ್ಷೇಪಿಸಬಹುದು ಎನ್ನುತ್ತದೆ ಪೇಟೆಂಟ್ ಕಾಯ್ದೆಯ 25ನೇ ಕಲಂ. ಮೊದಲು ಶುಲ್ಕವಿಲ್ಲದಿದ್ದ ಆ ಆಕ್ಷೇಪಕ್ಕೂ ಅದೇ ನಿಯಮಗಳು ಶುಲ್ಕ ಹಾಕಿದವು. ಬಾಗಿಲು ತೆರೆದೇ ಇದೆ, ಹೊಸ್ತಿಲು ಮಾತ್ರ ಎತ್ತರವಾಗಿದೆ.

ಮಣಿಪಾಲದಲ್ಲಿ 1963ರಿಂದ ಫಾರ್ಮಸಿ ಕಲಿಸುತ್ತಿದ್ದಾರೆ. ಅಲ್ಲಿ ಕಲಿತ ನಮ್ಮೂರಿನ ಹುಡುಗರು ಅಗ್ಗದ ಪೆನ್ನೊಂದನ್ನು ಮಾಡಲು ಹೊರಟರೆ, ಯಾವ ಪೇಟೆಂಟ್ ಬಳಕೆಯಲ್ಲಿದೆ, ಯಾವುದು ಕಪಾಟಿನಲ್ಲಿ ಮಲಗಿದೆ ಎಂಬುದು ಅವರಿಗೆ ತಿಳಿಯಬೇಡವೇ?

ಆದ್ದರಿಂದ ನಮ್ಮ ಕೋರಿಕೆ ಇಷ್ಟು: ನಮೂನೆ 27 ಮತ್ತೆ ಪ್ರತಿವರ್ಷ ಸಲ್ಲಿಕೆಯಾಗಲಿ. ಔಷಧ ಮತ್ತು ಅದನ್ನು ಕೊಡುವ ಸಾಧನಗಳ ಮೇಲಿನ ಆಕ್ಷೇಪಕ್ಕೆ ಶುಲ್ಕ ಬೇಡ. ಪೇಟೆಂಟ್ ಸಿಕ್ಕಿ ಮೂರು ವರ್ಷವಾದರೂ ಇಲ್ಲಿ ಬಳಕೆಗೆ ಬಾರದ ಸಾಧನಕ್ಕೆ 84ನೇ ಕಲಮಿನ ಕಡ್ಡಾಯ ಪರವಾನಗಿಯನ್ನು, ಎಂದರೆ ಬೇರೆಯವರಿಗೂ ತಯಾರಿಸಲು ಬಿಡುವುದನ್ನು, ಪರಿಶೀಲಿಸಿ. ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿಯ ಕ್ಯಾನ್ಸರ್ ಮಾತ್ರೆಯನ್ನು 2012ರಲ್ಲಿ 9 ಸಾವಿರಕ್ಕಿಂತ ಕೆಳಗಿಳಿಸಿದ್ದು ಅದೇ ಕಲಂ.

ತಮ್ಮ ಈಗಲೂ ತೋಟಕ್ಕೆ ಇಳಿಯುತ್ತಾನೆ. ಅವನು ಇಳಿದ ದಿನ ಜೀಪನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿ, ಕೀಲಿಯನ್ನು ಅದರಲ್ಲೇ ಬಿಟ್ಟಿರುತ್ತೇವೆ. ಸದ್ಯಕ್ಕೆ ನಮ್ಮಲ್ಲಿರುವ ಮದ್ದು ಅದೊಂದೇ.

ಇಂತಿ ತಮ್ಮ ವಿಶ್ವಾಸಿ,
ಕಾರ್ಕಳದ ಒಬ್ಬ ಕೃಷಿಕ