ಅತಿ ಕೆಟ್ಟ ಕಾರು ಎಂದು ಯಾವುದನ್ನು ಕರೆಯೋಣ?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಯಾರಾದರೂ ಕಾರು ತಂದರೆ ನೆರೆಯವರು ಮೊದಲು ಕೇಳುವುದು "ಆವರೇಜ್ ಎಷ್ಟ ಕೊಡತೈತ್ರಿ ಕಾಕಾ?" ಎಂದು. ಆಮೇಲೆ ಎಷ್ಟು ಮಂದಿ ಕೂಡಬಹುದು ಎಂಬ ಲೆಕ್ಕ. ಅದಾದ ಮೇಲೆ, ಕೆಟ್ಟು ನಿಂತರೆ ಊರಾಗಿನ ಮಿಸ್ತ್ರಿ ಕೈಗೆ ಬಗ್ಗುತ್ತದೋ, ಬೆಳಗಾವಿಗೇ ಒಯ್ಯಬೇಕೋ ಎಂಬ ವಿಚಾರ. ಈ ಮೂರರಲ್ಲೂ ಸೋತದ್ದಕ್ಕೆ 'ಡಬ್ಬಾ ಗಾಡಿ' ಎಂಬ ಹೆಸರು ಬೀಳುತ್ತದೆ, ಬಿದ್ದ ಹೆಸರು ಸುಲಭವಾಗಿ ಅಳಿಯುವುದಿಲ್ಲ. ಜಗತ್ತಿನ ಅತಿ ಕೆಟ್ಟ ಕಾರುಗಳ ಪಟ್ಟಿ ಮಾಡುವವರ ಅಳತೆಗೋಲು ಬೇರೆ. ಹಾಗಾದರೆ ಯಾರ ಅಳತೆ ಸರಿ?

ಅಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮೂರು ಹೆಸರು ನೋಡಿ. ಅಮೆರಿಕದ ಫೋರ್ಡ್ ಕಂಪನಿ 1957ರಲ್ಲಿ ಭಾರಿ ಪ್ರಚಾರದೊಂದಿಗೆ ತಂದ ಎಡ್ಸೆಲ್ ಕೊಳ್ಳುವವರಿಲ್ಲದೆ ಎರಡೇ ವರ್ಷಕ್ಕೆ ನಿಂತುಹೋಯಿತು. ಪೂರ್ವ ಜರ್ಮನಿಯ ಟ್ರಬಾಂಟ್ ಮೂವತ್ತು ವರ್ಷ ಹೆಚ್ಚುಕಡಿಮೆ ಹಾಗೇ ಉಳಿಯಿತು. ಪೈಪೋಟಿಯಿಲ್ಲದ ದೇಶದಲ್ಲಿ ಅದನ್ನು ಸುಧಾರಿಸುವ ಒತ್ತಡವೇ ಇರಲಿಲ್ಲ. ಫೋರ್ಡ್‌ನದೇ ಪಿಂಟೊ ಚೆನ್ನಾಗಿ ಮಾರಾಟವಾಯಿತು, ಆದರೆ ಹಿಂದಿನಿಂದ ಗುದ್ದಿದರೆ ಅದರ ಪೆಟ್ರೋಲ್ ಟ್ಯಾಂಕು ಒಡೆದು ಬೆಂಕಿ ಹತ್ತುತ್ತಿತ್ತು. ಕಡೆಗೆ 1978ರಲ್ಲಿ ಸುಮಾರು 15 ಲಕ್ಷ ಕಾರುಗಳನ್ನು ರಿಪೇರಿಗೆ ವಾಪಸು ಕರೆಯಬೇಕಾಯಿತು. ಒಂದು ಮಾರುಕಟ್ಟೆಯಲ್ಲಿ ಸೋತದ್ದು, ಇನ್ನೊಂದು ಬೆಳೆಯದೆ ಉಳಿದದ್ದು, ಮೂರನೆಯದು ಕೂತವರ ಪ್ರಾಣ ತೆಗೆದದ್ದು. ಈ ಮೂರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ದೇಶದಲ್ಲಿ ಈ ಚರ್ಚೆ ಹೆಚ್ಚಾಗಿ ನ್ಯಾನೊದ ಬಾಗಿಲಿಗೇ ಬಂದು ನಿಲ್ಲುತ್ತದೆ. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಹೊರಟಿದ್ದ ನಾಲ್ವರ ಕುಟುಂಬವನ್ನು ಕಂಡು ರತನ್ ಟಾಟಾ ಈ ಕಾರಿನ ಕನಸು ಕಂಡರು. 2008ರ ಜನವರಿ 10ರಂದು ದೆಹಲಿಯಲ್ಲಿ ಅದನ್ನು ಜಗತ್ತಿಗೆ ತೋರಿಸಿದಾಗ ಒಂದು ಲಕ್ಷ ರೂಪಾಯಿಗೆ ಕಾರು ಎಂಬ ಮಾತು ಎಲ್ಲೆಡೆ ಹಬ್ಬಿತು. ಅದೇ ವರ್ಷ ಸಿಂಗೂರಿನ ಭೂಮಿ ಹೋರಾಟದಿಂದ ಕಾರ್ಖಾನೆ ಬಂಗಾಳ ಬಿಟ್ಟು ಗುಜರಾತಿನ ಸಾಣಂದಕ್ಕೆ ಹೋಯಿತು. ನಡುವೆ ನಮ್ಮ ಧಾರವಾಡದ ಹೆಸರೂ ಕೇಳಿಬಂದಿತ್ತು. 2009ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಬುಕಿಂಗ್ ಬಂತು. ಆಮೇಲೆ ಇಳಿಮುಖ. ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿ ಜನರನ್ನು ಹೆದರಿಸಿತು, 2010ರ ಕೊನೆಗೆ ಕಂಪನಿ ಹೆಚ್ಚಿನ ರಕ್ಷಣಾ ಭಾಗಗಳನ್ನು ಪುಕ್ಕಟೆಯಾಗಿ ಜೋಡಿಸಿಕೊಡುವುದಾಗಿ ಹೇಳಿತು. 2018ರ ಜೂನ್ ತಿಂಗಳಲ್ಲಿ ತಯಾರಾದದ್ದು ಒಂದೇ ಒಂದು ನ್ಯಾನೊ.

ನ್ಯಾನೊದ ವಿರುದ್ಧದ ವಾದಕ್ಕೆ ತೂಕವಿದೆ. 624 ಸಿಸಿಯ ಎರಡು ಸಿಲಿಂಡರ್ ಎಂಜಿನನ್ನು ಹಿಂದಕ್ಕೆ ಇಟ್ಟಿದ್ದರಿಂದ ಸಾಮಾನಿಗೆ ಜಾಗ ಕಡಿಮೆ. ಹಿಂದಿನ ಬಾಗಿಲು ನೋಡಲು ಇದ್ದಂತಿದ್ದರೂ 2015ರವರೆಗೆ ಅದು ತೆರೆಯುತ್ತಲೇ ಇರಲಿಲ್ಲ. ನಗರದಲ್ಲಿ ಆಫೀಸಿಗೆ ಹೋಗಿಬರುವವರಿಗೆ ಇದು ಸಣ್ಣ ಕೊರತೆ. ಸಂತೆಗೆ ಹೋಗಿ ಜೋಳದ ಚೀಲ, ಗೊಬ್ಬರದ ಚೀಲ, ಮೋಟರಿನ ಪಂಪು ಹಾಕಿಕೊಂಡು ಬರಬೇಕಾದ ಮೂಡಲಗಿಯ ಒಕ್ಕಲಿಗನಿಗೆ ದೊಡ್ಡ ಕೊರತೆ. ಇದರ ಮೇಲೆ, 'ಎಲ್ಲಕ್ಕಿಂತ ಅಗ್ಗದ ಕಾರು' ಎಂಬ ಹಣೆಪಟ್ಟಿ. ಮಗಳ ನಿಶ್ಚಿತಾರ್ಥಕ್ಕೆ, ಬೀಗರ ಮನೆಗೆ ಹೋಗುವಾಗ ಬಡತನದ ಗುರುತು ಹೊತ್ತ ಗಾಡಿಯಲ್ಲಿ ಇಳಿಯಲು ಯಾರಿಗೂ ಮನಸ್ಸಿರುವುದಿಲ್ಲ. ಹಾಗೆ ಪ್ರಚಾರ ಮಾಡಿದ್ದು ತಪ್ಪಾಯಿತೆಂದು ರತನ್ ಟಾಟಾ ಅವರೇ ಆಮೇಲೆ ಒಪ್ಪಿಕೊಂಡರು.

ಪರವಾದ ಮಾತೂ ಗಟ್ಟಿಯಾಗಿಯೇ ಇದೆ. ನ್ಯಾನೊವನ್ನು ದೊಡ್ಡ ಕಾರಿನೊಂದಿಗೆ ಹೋಲಿಸುವುದು ಅನ್ಯಾಯ. ಅದರ ಎದುರಾಳಿ ಬೈಕು. ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ, ಮಾಯಕ್ಕನ ಜಾತ್ರೆಗೆ ಚಿಂಚಲಿಗೆ ಗಂಡ, ಹೆಂಡತಿ, ಎರಡು ಕೂಸು, ಬುತ್ತಿಯ ಗಂಟು ಎಲ್ಲ ಒಂದೇ ಬೈಕಿನ ಮೇಲೆ ಹೊರಡುವುದನ್ನು ಈ ಭಾಗದಲ್ಲಿ ಕಾಣದವರಿಲ್ಲ. ಕಬ್ಬಿನ ಹಂಗಾಮು ಶುರುವಾದರೆ ರಾತ್ರಿಯೆಲ್ಲ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಕಾರ್ಖಾನೆಯ ದಾರಿ ಹಿಡಿಯುತ್ತವೆ, ಎಷ್ಟೋ ಟ್ರೇಲರುಗಳ ಹಿಂದೆ ದೀಪವೂ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಆ ಕತ್ತಲಲ್ಲಿ ನಾಲ್ಕು ಗಾಲಿ, ತಲೆಯ ಮೇಲೊಂದು ತಗಡು, ಎದೆಗೊಂದು ಬೆಲ್ಟು ಇರುವುದು ಕಡಿಮೆ ಮಾತಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,000ಕ್ಕೂ ಹೆಚ್ಚು ಜನ ಸತ್ತರು; ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು.

ಈ ವಾದ ನನಗೆ ಬಹಳ ದೂರದವರೆಗೆ ಒಪ್ಪಿಗೆಯಾಗುತ್ತದೆ. ಒಪ್ಪಿಗೆ ನಿಲ್ಲುವುದು 2014ರ ಜನವರಿಯ ಹತ್ತಿರ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು: ನ್ಯಾನೊ, ಮಾರುತಿ ಆಲ್ಟೊ 800, ಹ್ಯುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ. ಪಟ್ಟಿ ಮಾಡುವವರು ಬೈಯುವುದು ನ್ಯಾನೊವನ್ನು ಮಾತ್ರ, ಸೊನ್ನೆ ಬಂದದ್ದು ಊರತುಂಬ ಓಡಾಡುತ್ತಿದ್ದ ಆಲ್ಟೊಗೂ. ಪೋಲೊದ ವಿಷಯ ಇನ್ನೂ ಸ್ಪಷ್ಟ. ಅದರ ಚೌಕಟ್ಟು ಗಟ್ಟಿಯಾಗಿತ್ತು, ಕೊರತೆ ಇದ್ದದ್ದು ಏರ್‌ಬ್ಯಾಗಿನದು. ಎರಡು ಏರ್‌ಬ್ಯಾಗ್ ಇದ್ದ ಅದೇ ಪೋಲೊಗೆ ನಾಲ್ಕು ಸ್ಟಾರ್ ಬಂತು, ಕಂಪನಿ ಏರ್‌ಬ್ಯಾಗ್ ಇಲ್ಲದ ಮಾದರಿಯ ಮಾರಾಟವನ್ನು ಇಲ್ಲಿ ನಿಲ್ಲಿಸಿತು. ಅಂದರೆ ಹೇಗೆ ಮಾಡಬೇಕೆಂದು ಗೊತ್ತಿತ್ತು, ಭಾಗವೂ ತಯಾರಿತ್ತು, ಇಲ್ಲಿಯ ಗಿರಾಕಿಗೆ ಅದಿಲ್ಲದೆಯೂ ನಡೆಯುತ್ತದೆಂದು ತೀರ್ಮಾನಿಸಲಾಗಿತ್ತು. ಲಕ್ಷ ರೂಪಾಯಿಯ ಲೆಕ್ಕಕ್ಕೆ ಕಟ್ಟುಬಿದ್ದ ನ್ಯಾನೊಗೆ ಒಂದು ಸಬೂಬು ಇದೆ. ಐದಾರು ಲಕ್ಷದ ಕಾರಿಗೆ ಏನು ಸಬೂಬು?

ನಮ್ಮ ಕರ್ನಾಟಕದಲ್ಲೇ ಹುಟ್ಟಿ 'ಕೆಟ್ಟ ಕಾರು' ಅನ್ನಿಸಿಕೊಂಡವೂ ಇವೆ. ಬೆಂಗಳೂರಿನ ಸಿಪಾನಿಯವರು ಎಪ್ಪತ್ತರ ದಶಕದಲ್ಲಿ 'ಬಾದಲ್' ಎಂಬ ಮೂರು ಗಾಲಿಯ ಕಾರು, 1982ರಲ್ಲಿ 'ಡಾಲ್ಫಿನ್' ಎಂಬ ನಾಲ್ಕು ಗಾಲಿಯ ಕಾರು ತಂದರು. ಡಾಲ್ಫಿನ್ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯದು. 848 ಸಿಸಿ ಎಂಜಿನ್, ಫೈಬರ್ ಮೈ, ಎರಡೇ ಬಾಗಿಲು. ಹಗುರವಾಗಿದ್ದರಿಂದ ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಆದರೆ ತಗಡು ಬಡಿದು ನೆಟ್ಟಗೆ ಮಾಡುವ ಕೈಗಳಿಗೆ ಫೈಬರ್ ಹೊಸದು, ಸಂಸಾರಸ್ಥರಿಗೆ ಎರಡು ಬಾಗಿಲು ಸಾಲದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಅದರ ದಾರಿ ಮುಚ್ಚಿತು. ಸರ್ಕಾರ ಮತ್ತು ಜಪಾನಿನ ಸುಜುಕಿ ಜೊತೆಯಾಗಿ ನಿಂತ ಕಾರಿನೆದುರು ಒಂದು ಸಣ್ಣ ಕಂಪನಿ ಸೋತದ್ದನ್ನು ಕೆಟ್ಟತನ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ರೇವಾ ಕೂಡ ಬೆಂಗಳೂರಿನದೇ. ಚೇತನ್ ಮೈನಿ ಅವರ ಈ ಬ್ಯಾಟರಿ ಕಾರು 2001ರಲ್ಲಿ ಬಂತು, ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಯುರೋಪಿನ ಕಾನೂನು ಅದನ್ನು ಕಾರಿನ ವರ್ಗಕ್ಕೇ ಸೇರಿಸಿರಲಿಲ್ಲ, ಆದ್ದರಿಂದ ಕಾರುಗಳಿಗಿದ್ದ ಗುದ್ದು ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ಟಾಪ್ ಗೇರ್ ಪತ್ರಿಕೆ ಮಾಡಿಸಿದ ಪರೀಕ್ಷೆಯಲ್ಲಿ ಅದು ನಜ್ಜುಗುಜ್ಜಾಯಿತು. ಈ ಟೀಕೆ ನ್ಯಾಯವಾದದ್ದು. ಒಮ್ಮೆ ಚಾರ್ಜ್ ಮಾಡಿದರೆ ಓಡುತ್ತಿದ್ದದ್ದು ಸುಮಾರು 80 ಕಿ.ಮೀ. ಹುಕ್ಕೇರಿಯಿಂದ ಹೊರಟರೆ ಬೆಳಗಾವಿ ಮುಟ್ಟಿ, ಅಲ್ಲಿ ಚಾರ್ಜ್ ಮಾಡದೆ ಮರಳುವಂತಿರಲಿಲ್ಲ. ಆದರೂ ಇಂದು ರಸ್ತೆ ತುಂಬಿರುವ ಬ್ಯಾಟರಿ ಗಾಡಿಗಳ ಕಾಲಕ್ಕಿಂತ ಎಷ್ಟೋ ವರ್ಷ ಮೊದಲು, ಸೀಸದ ಬ್ಯಾಟರಿ ಹಾಕಿಕೊಂಡು ಆ ದಾರಿ ತುಳಿದವರು ಅವರು. 2010ರಲ್ಲಿ ಮಹೀಂದ್ರಾ ಆ ಕಂಪನಿಯನ್ನು ಕೊಂಡದ್ದು ಸುಮ್ಮನೆ ಅಲ್ಲ.

ಅಂಬಾಸಿಡರ್ ಬಗ್ಗೆ ಬಹಳ ಹೇಳಬೇಕಿಲ್ಲ. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಕಾರನ್ನೇ 2014ರವರೆಗೆ ಎಳೆದು ತಂದರು ಎಂಬುದು ಒಂದು ಕಡೆ. 2013ರಲ್ಲಿ ಟಾಪ್ ಗೇರ್ ನಡೆಸಿದ ಜಗತ್ತಿನ ಟ್ಯಾಕ್ಸಿಗಳ ಸ್ಪರ್ಧೆಯಲ್ಲಿ ಗೆದ್ದದ್ದೂ ಅದೇ ಎಂಬುದು ಇನ್ನೊಂದು ಕಡೆ. ಮೋಸ ಎಂಬ ಮಾತು ಹತ್ತಿರವಾಗುವುದು 1985ರ ಸ್ಟ್ಯಾಂಡರ್ಡ್ 2000ಕ್ಕೆ. ಮದ್ರಾಸಿನ ಆ ಕಂಪನಿ ರೋವರ್ ಕಾರಿನ ಚೆಂದದ ಮೈಯೊಳಗೆ ದಶಕಗಳಷ್ಟು ಹಳೆಯ ಎಂಜಿನ್ ಕೂರಿಸಿ ಆ ಕಾಲದ ದುಬಾರಿ ಬೆಲೆಗೆ ಮಾರಿತು. ಪೆಟ್ರೋಲು ಕುಡಿದು ಕುಡಿದು ಮೂರ್ನಾಲ್ಕು ವರ್ಷದಲ್ಲಿ ಅದು ಕಣ್ಮರೆಯಾಯಿತು.

ನನ್ನ ಮಟ್ಟಿಗೆ ಈ ಚರ್ಚೆಯ ಕಠಿಣ ಪ್ರಶ್ನೆ ಓಮ್ನಿ. ಕೆಟ್ಟ ಕಾರುಗಳ ಪಟ್ಟಿಯಲ್ಲಿ ಅದರ ಹೆಸರು ಬರುವುದು ಅಪರೂಪ, ಏಕೆಂದರೆ ಜನ ಅದನ್ನು ಪ್ರೀತಿಸಿದರು. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದ ಗಾಡಿ 2019ರವರೆಗೆ ತಯಾರಾಯಿತು. ಗೋಕಾಕದಲ್ಲಿ ಕರದಂಟಿನ ಡಬ್ಬಿ ಸಾಗಿಸಲು ಅದು, ಸಂಕೇಶ್ವರದಲ್ಲಿ ಮೆಣಸಿನಕಾಯಿ ಚೀಲಕ್ಕೆ ಅದು, ಬಸ್ಸು ಬಾರದ ಊರಿನಿಂದ ಬಾಣಂತಿಯನ್ನು ದವಾಖಾನೆಗೆ ಒಯ್ಯಲು ಅದು. ಆವರೇಜ್, ಸೀಟು, ಮಿಸ್ತ್ರಿ, ಮೂರರಲ್ಲೂ ಪಾಸು. ಸರಿಯುವ ಬಾಗಿಲು ಕಿರಿದಾದ ಓಣಿಗೆ ಹೇಳಿ ಮಾಡಿಸಿದ್ದು. ಇಷ್ಟು ಜನರ ಹೊಟ್ಟೆ ಹೊರೆದ ಗಾಡಿ ದೇಶದಲ್ಲಿ ಹೆಚ್ಚಿಲ್ಲ.

ಆದರೆ ಅದರ ಮೂತಿ ನೋಡಿ. ಎಂಜಿನ್ ಮುಂದಿನ ಸೀಟಿನ ಕೆಳಗೆ. ಓಡಿಸುವವನ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಇರುವುದು ತೆಳು ತಗಡು ಮಾತ್ರ. ಗುದ್ದಿನ ಪೆಟ್ಟನ್ನು ನುಂಗಿಕೊಳ್ಳಲು ಮುಂದೆ ಜಾಗವೇ ಇಲ್ಲ. ಹತ್ತರಗಿ ಟೋಲ್ ಹತ್ತಿರದ ಹೆದ್ದಾರಿಯಲ್ಲಿ ಲಾರಿ, ಬಸ್ಸುಗಳ ನಡುವೆ ಇಂಥ ಗಾಡಿ ಹೋಗುವುದನ್ನು ನೋಡಿದರೆ ಎದೆ ನಡುಗುತ್ತದೆ. 2019ರ ಅಕ್ಟೋಬರಿನಿಂದ ಗುದ್ದು ಪರೀಕ್ಷೆಯ ನಿಯಮ ಎಲ್ಲ ಮಾದರಿಗಳಿಗೂ ಕಡ್ಡಾಯವಾಗುವ ಹೊತ್ತಿಗೆ ಓಮ್ನಿಯನ್ನು ನಿಲ್ಲಿಸಲೇಬೇಕಾಯಿತು. ಆ ನಿಯಮ ಬರಲು ಮೂವತ್ತೈದು ವರ್ಷ ಏಕೆ ಬೇಕಾಯಿತು ಎಂಬುದಕ್ಕೆ ಸರ್ಕಾರವೂ ಉತ್ತರಿಸಬೇಕು, ಕಂಪನಿಗಳೂ ಉತ್ತರಿಸಬೇಕು. 'ಬೈಕಿಗಿಂತ ವಾಸಿ' ಎಂಬ ಮಾತು ಬಡವನ ಬಾಯಲ್ಲಿ ನಿಜ. ತಯಾರಕರ ಬಾಯಲ್ಲಿ ಅದು ನೆಪ.

ಆದ್ದರಿಂದ ನನ್ನ ತೀರ್ಪು ಹೀಗೆ. ಡಾಲ್ಫಿನ್, ರೇವಾ, ನ್ಯಾನೊ ಸೋತವು. ಹೊಸದನ್ನು ಮಾಡಹೊರಟು ಅರ್ಧದಲ್ಲಿ ನಿಂತವು. ಅವುಗಳ ದೋಷ ಹೇಳೋಣ, ಆದರೆ 'ಅತಿ ಕೆಟ್ಟ' ಎಂಬ ಹೆಸರು ಅವುಗಳಿಗೆ ಬೇಡ. ಆ ಹೆಸರು ಸಲ್ಲಬೇಕಾದದ್ದು, ರಕ್ಷಣೆ ಕೊಡಲು ಸಾಧ್ಯವಿದ್ದೂ ನಮ್ಮ ಜನಕ್ಕೆ ಇಷ್ಟು ಸಾಕೆಂದು ಬಿಟ್ಟ ಕಾರುಗಳಿಗೆ, ಅವು ಎಷ್ಟೇ ಮಾರಾಟವಾಗಿರಲಿ, ಎಷ್ಟೇ ಪ್ರೀತಿ ಗಳಿಸಿರಲಿ.

ಬೆಳಗಾವಿ, ಕೊಲ್ಹಾಪುರದಲ್ಲಿ ಹಳತಾದ ಕಾರುಗಳು ಸೆಕೆಂಡ್ ಹ್ಯಾಂಡ್ ಆಗಿ ನಮ್ಮ ಊರುಗಳಿಗೆ ಇನ್ನೂ ಬರುತ್ತಲೇ ಇವೆ. ಕೊಳ್ಳುವವರು ಆವರೇಜ್ ಕೇಳಲಿ, ಸೀಟು ಎಣಿಸಲಿ, ಮಿಸ್ತ್ರಿಯನ್ನು ಕರೆದೊಯ್ದು ಎಂಜಿನ್ ತೋರಿಸಲಿ. ಜೊತೆಗೆ ಆರ್‌ಸಿ ಪುಸ್ತಕ ತೆರೆದು ತಯಾರಾದ ವರ್ಷ ನೋಡಲಿ: ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಿಂದ, ಪಕ್ಕದ ಸೀಟಿಗೂ ಎಲ್ಲ ಕಾರುಗಳಲ್ಲಿ ಬಂದದ್ದು 2022ರಿಂದ ಈಚೆ. ನಿಮ್ಮ ಮಕ್ಕಳು ಹಳೆಯ ಓಮ್ನಿಯಲ್ಲಿ ಹದಿನೈದು ಮಂದಿಯ ನಡುವೆ ಇರುಕಿಕೊಂಡು ಸಾಲಿಗೆ ಹೋಗುತ್ತಿದ್ದರೆ ನಾಳೆಯೇ ಅದನ್ನು ನಿಲ್ಲಿಸಿ, ಬೇರೆ ಗಾಡಿ ಕೇಳಿ.