ಮೆಣಸಿನಕಾಯಿಗೆ ಸಿಕ್ಕ ನೆರಳು ಕಾರಿಗೂ ಸಿಗಲಿ

ಹಳೇ ಕಾರು ಕೊಡಿಸುವುದು, ಮಾರಿಸುವುದು ನನ್ನ ಕಸುಬು. ಮನೆ ರಾಣೆಬೆನ್ನೂರಿನಲ್ಲಿ, ಗಿರಾಕಿಗಳು ಹಾವೇರಿ, ಬ್ಯಾಡಗಿ ಕಡೆಯವರು. ಗಾಡಿ ನೋಡಲು ಬಂದವರೆಲ್ಲ ಬಾನೆಟ್ ಎತ್ತುತ್ತಾರೆ, ಮೀಟರ್ ಓದುತ್ತಾರೆ, ಟೈರಿಗೆ ಒಂದು ಒದೆ ಕೊಡುತ್ತಾರೆ. ನಾನು ಮೊದಲು ನೋಡುವುದು ವೈಪರ್ ಕಡ್ಡಿಯನ್ನು. ಆಮೇಲೆ ಅದರ ಬುಡದಲ್ಲಿ, ಮುಂದಿನ ಗಾಜಿನ ಕೆಳಗೆ ಅಡ್ಡಕ್ಕಿರುವ ಕರಿ ಪ್ಲಾಸ್ಟಿಕ್ ಪಟ್ಟಿಯನ್ನು. ಗಾಡಿ ಇಷ್ಟು ವರ್ಷ ಎಲ್ಲಿ ನಿಂತಿತ್ತು ಎನ್ನುವುದು ಅಲ್ಲಿ ಗೊತ್ತಾಗುತ್ತದೆ.

ಒಂದು ಮಗ್ಗುಲಿನ ಕನ್ನಡಿ ಬುಡ, ಬಾಗಿಲ ಬೀಡಿಂಗ್, ಬಂಪರಿನ ಕೆಳಭಾಗ ಬೂದಿ ಬಣ್ಣಕ್ಕೆ ತಿರುಗಿ, ಇನ್ನೊಂದು ಮಗ್ಗುಲು ಕಪ್ಪಾಗಿಯೇ ಇದ್ದರೆ, ಅದು ದಿನಾ ಒಂದೇ ಜಾಗದಲ್ಲಿ ಮಧ್ಯಾಹ್ನದ ಬಿಸಿಲಿಗೆ ಒಂದೇ ಮಗ್ಗುಲು ಕೊಟ್ಟು ನಿಂತ ಗಾಡಿ. ‘ಶೆಡ್‌ನ್ಯಾಗ ಇರ್ತಿತ್ರೀ ಯಾವಾಗ್ಲೂ’ ಎಂದು ಮಾಲೀಕರು ಹೇಳುತ್ತಿರುವಾಗ ನಾನು ಸುಮ್ಮನೆ ಆ ಬೂದಿ ಮಗ್ಗುಲಿಗೆ ಹೋಗಿ ನಿಲ್ಲುತ್ತೇನೆ. ರೇಟು ಅಲ್ಲಿಂದಲೇ ಇಳಿಯಲು ಶುರುವಾಗುತ್ತದೆ.

ಕಾರಿನ ಹೊರಮೈಯ ಕರಿ ಭಾಗಗಳಲ್ಲಿ ಹೆಚ್ಚಿನವು ಬಣ್ಣ ಬಳಿಯದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಬಿಸಿಲಿನ ನೇರಳಾತೀತ ಕಿರಣ ಅದರ ಮೇಲ್ಪದರವನ್ನು ಒಡೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಲ್ಲಿ ಬೆಳಕು ಚದುರಿ ಕಪ್ಪು ಬೆಳ್ಳಗೆ ಕಾಣುತ್ತದೆ. ಹೊಲದ ಕಪ್ಪು ಎಚ್‌ಡಿಪಿಇ ಪೈಪು ಬಿಸಿಲಲ್ಲೇ ಬಿದ್ದಿದ್ದರೂ ವರ್ಷಗಟ್ಟಲೆ ತಾಳುವುದು ಯಾಕೆ? ಅದರಲ್ಲಿ ನೂರಕ್ಕೆ ಸುಮಾರು ಎರಡೂವರೆ ಪಾಲು ಕಾರ್ಬನ್ ಬ್ಲ್ಯಾಕ್ ಇರಲೇಬೇಕೆಂದು ಐಎಸ್ 4984 ಮಾನದಂಡ ಹೇಳುತ್ತದೆ. ಆ ಮಸಿಯೇ ಕಿರಣಗಳನ್ನು ಹೀರಿಕೊಂಡು ಪೈಪನ್ನು ಕಾಯುತ್ತದೆ. ಕಾರಿನ ಪಟ್ಟಿಗೆ ಯಾವ ಕಂಪನಿ ಎಷ್ಟು ಹಾಕಿದೆಯೋ, ಕೊಳ್ಳುವವನಿಗೆ ಯಾರೂ ಹೇಳುವುದಿಲ್ಲ. ವೈಪರ್ ಕಡ್ಡಿಯ ಕಥೆ ಬೇರೆ. ಅದು ಉಕ್ಕು, ಮೇಲೆ ಕಪ್ಪು ಲೇಪನ. ಲೇಪನ ಬಿಸಿಲಿಗೆ ಮಂಕಾಗಿ ಪುಡಿಯೇಳುತ್ತದೆ, ಆಮೇಲೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ಬಿಸಿಲು ಬಣ್ಣ ತಿನ್ನುತ್ತದೆ ಎನ್ನುವುದನ್ನು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. ಖಾರ ಕಡಿಮೆ, ಕೆಂಪು ಜಾಸ್ತಿ. ಅದರಿಂದ ತೆಗೆದ ಓಲಿಯೊರೆಸಿನ್ ಆಹಾರದ ಬಣ್ಣಕ್ಕೂ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಕಾಯಿ ಒಣಗುವ ತನಕ ಬಿಸಿಲು ಬೇಕು. ಒಣಗಿದ ಮೇಲೂ ಬಿಸಿಲು, ಸೆಕೆಯಲ್ಲಿ ಬಿಟ್ಟರೆ ಕೆಂಪು ಇಳಿಯುತ್ತದೆ, ರೇಟೂ ಇಳಿಯುತ್ತದೆ. ಅದಕ್ಕೇ ಬ್ಯಾಡಗಿ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್‌ಗಳು ಎದ್ದಿರುವುದು. ಚೀಲದ ಬಣ್ಣ ಉಳಿಸಲು ಬಾಡಿಗೆ ಕಟ್ಟುವ ವ್ಯಾಪಾರಿ, ಸೋಮವಾರ, ಗುರುವಾರದ ಪೇಟೆಯ ದಿನ ಲಕ್ಷಗಟ್ಟಲೆ ಕೊಟ್ಟು ತಂದ ಕಾರನ್ನು ಬೆಳಗಿನಿಂದ ಸಂಜೆವರೆಗೆ ಸುಡು ಬಿಸಿಲಿಗೆ ಬಿಟ್ಟು ಒಳಗೆ ಕೂರುತ್ತಾನೆ.

ಹಾಗಾದರೆ ಪಾಲಿಶ್ ಹೊಡೆಸಿದರಾಯಿತಲ್ಲ ಎನ್ನುವವರಿದ್ದಾರೆ. ವಾಟರ್ ಸರ್ವಿಸ್‌ಗೆ ಬಿಟ್ಟರೆ ಕೊನೆಯಲ್ಲಿ ಹುಡುಗ ಸಿಲಿಕೋನ್ ಎಣ್ಣೆಯದೋ ಡೀಸೆಲಿನದೋ ಒಂದು ಬಟ್ಟೆ ಆಡಿಸುತ್ತಾನೆ. ಗಾಡಿ ಮಿಂಚುತ್ತದೆ. ಮೋಟೆಬೆನ್ನೂರು ದಾಟುವಷ್ಟರಲ್ಲಿ ಹೆದ್ದಾರಿಯ ದೂಳೆಲ್ಲ ಆ ಎಣ್ಣೆಗೆ ಅಂಟಿರುತ್ತದೆ. ಡೀಸೆಲ್, ಸೀಮೆಎಣ್ಣೆ ತಾಗಿದ ಬಾಗಿಲ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಮೊದಲ ಮಳೆಗೆ ಆ ಎಣ್ಣೆ ಗಾಜಿಗಿಳಿದರೆ ವೈಪರ್ ಅದನ್ನು ಬಳಿಯುತ್ತದೆಯೇ ಹೊರತು ಒರೆಸುವುದಿಲ್ಲ. ರಾತ್ರಿ ಎದುರು ಲಾರಿಯ ಲೈಟು ಬಿದ್ದಾಗ ದಾರಿಯೇ ಕಾಣದು. ನಮ್ಮ ಕಸುಬಿನವರಲ್ಲಿ ಕೆಲವರು ಮಾರುವ ಮುಂಚೆ ಹೀಟ್ ಗನ್ ಹಿಡಿದು ಪ್ಲಾಸ್ಟಿಕ್ ಕಾಯಿಸುತ್ತಾರೆ. ಮೇಲ್ಪದರ ಕರಗಿ ಕಪ್ಪು ಮರಳಿದಂತೆ ಕಾಣುತ್ತದೆ, ಕೆಲವೇ ತಿಂಗಳಲ್ಲಿ ಮತ್ತೆ ಬೂದಿ. ಇದು ಗಿರಾಕಿಯ ಕಣ್ಣಿಗೆ ಮಣ್ಣೆರಚುವ ಕೆಲಸವೆಂದು ಮುಲಾಜಿಲ್ಲದೆ ಹೇಳುತ್ತೇನೆ.

ಮಾಡಬೇಕಾದ್ದು ಸುಲಭ, ಆದರೆ ಗಾಡಿ ಹೊಸದಿದ್ದಾಗಲೇ ಶುರು ಮಾಡಬೇಕು. ಬಟ್ಟೆ ಸೋಪಿನ ಪುಡಿ ಬಿಡಿ. ಕಾರಿನ ಶಾಂಪೂ ಸಾಕು. ಬೋರಿನ ಗಡಸು ನೀರಲ್ಲಿ ತೊಳೆದರೆ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, ಇಲ್ಲವಾದರೆ ಕಪ್ಪಿನ ಮೇಲೆ ಸುಣ್ಣದ ಕಲೆ ಕೂರುತ್ತದೆ. ಬಿಸಿಲಿನಿಂದ ಕಾಯುತ್ತದೆಂದು ಡಬ್ಬಿಯ ಮೇಲೆ ಬರೆದಿರುವ, ನೀರಿನಲ್ಲಿ ಕಲಸಿದ ಟ್ರಿಮ್ ಲೇಪನವನ್ನು ನೆರಳಲ್ಲಿ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಗಾಜಿಗೂ ವೈಪರ್ ರಬ್ಬರಿಗೂ ತಾಗಿಸಬೇಡಿ.

ವೈಪರ್ ಕಡ್ಡಿಗೆ ತುಕ್ಕು ಕಂಡರೆ ಹೊಸದು ತರುವ ಮುಂಚೆ ಒಂದು ಭಾನುವಾರ ಕೊಡಿ. ಕಡ್ಡಿ ನಿಂತ ಜಾಗಕ್ಕೆ ಗಾಜಿನ ಮೇಲೆ ಟೇಪಿನ ಗುರುತು ಅಂಟಿಸಿ, ಆಮೇಲೆ ಬುಡದ ಮುಚ್ಚಳ ತೆಗೆದು ನಟ್ ಬಿಚ್ಚಿ. ಕೆಲಸ ಮಾಡುವಾಗ ಗಾಜಿನ ಮೇಲೆ ದಪ್ಪ ಟವೆಲ್ ಇರಲಿ. ಸ್ಪ್ರಿಂಗ್ ಜಾರಿ ಕಡ್ಡಿ ಬಡಿದರೆ ಗಾಜೇ ಹೋದೀತು. ಎಮರಿ ಪೇಪರಿನಲ್ಲಿ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಒಣಗಿದ ಮೇಲೆ ಮ್ಯಾಟ್ ಕಪ್ಪು ಸ್ಪ್ರೇಯನ್ನು ತೆಳ್ಳಗೆ ಎರಡು ಮೂರು ಸಲ ಹೊಡೆಯಿರಿ. ಮಿಂಚುವ ಕಪ್ಪು ಬೇಡ, ಬಿಸಿಲು ಅದರಿಂದ ನೇರ ಕಣ್ಣಿಗೆ ಬಡಿಯುತ್ತದೆ. ಸ್ಪ್ರಿಂಗಿಗೆ, ಕೀಲಿಗೆ ಬಣ್ಣ ಬೀಳದಿರಲಿ.

ಇವೆಲ್ಲ ಇದ್ದರೂ ನೆರಳಿಗೆ ಸಮನಾದ ಔಷಧ ಇಲ್ಲ. ಅಗ್ಗದ ಕವರು ನಂಬಬೇಡಿ. ಆಷಾಢದ ಗಾಳಿಗೆ ಅದು ದೂಳನ್ನು ಹಿಡಿದು ಬಣ್ಣಕ್ಕೇ ಉಜ್ಜುತ್ತದೆ. ರಾಣೆಬೆನ್ನೂರು ತಾಲ್ಲೂಕಿನಲ್ಲಿ ಬೀಜ ಮಾಡುವ ರೈತರು ಗಿಡಗಳ ಮೇಲೆ ಕಟ್ಟುವ ನೆಟ್ ನೋಡಿದ್ದೀರಲ್ಲ? ನಾಲ್ಕು ಕಂಬ ನೆಟ್ಟು ಅಂಥದ್ದೇ ಹಸಿರು ನೆರಳು ಬಲೆ ಕಟ್ಟಿಕೊಂಡರೆ ಮನೆ ಮುಂದಿನ ಗಾಡಿಗೆ ಅರ್ಧ ಬಿಸಿಲು ತಪ್ಪುತ್ತದೆ. ಅದೂ ಆಗದಿದ್ದರೆ ಒಂದು ದಿನ ಮುಖ ಹಿಂದೆ, ಒಂದು ದಿನ ಮುಂದೆ ಮಾಡಿ ನಿಲ್ಲಿಸಿ.

ಮನೆಯ ಆಚೆಗಿನ ನೆರಳು ಮಾತ್ರ ಒಬ್ಬರ ಕೈಲಿಲ್ಲ. ಹಾವೇರಿ, ರಾಣೆಬೆನ್ನೂರಿನ ನಗರಸಭೆಗಳು, ಬ್ಯಾಡಗಿಯ ಪುರಸಭೆ ಮತ್ತು ಮಾರುಕಟ್ಟೆ ಸಮಿತಿ ವಾಹನ ನಿಲ್ಲುವ ಜಾಗಗಳ ಅಂಚಿಗೆ ಬೇವು, ಹೊಂಗೆ ನೆಡಲಿ. ಮರ ಬರುವವರೆಗೆ ಬಲೆಯ ಚಪ್ಪರ ಹಾಕಲಿ. ಅದು ಕಾರಿನವರಿಗಷ್ಟೇ ಅಲ್ಲ, ಟಂಟಂ ಚಾಲಕನಿಗೂ, ಹರಾಜು ಕಾಯುತ್ತ ಟ್ರ್ಯಾಕ್ಟರ್ ಪಕ್ಕ ಕೂತ ರೈತನಿಗೂ ಬೇಕು. ಇನ್ನು ಹಳೇ ಕಾರು ಕೊಳ್ಳುವವರಿಗೆ ನನ್ನ ಮಾತು ಇಷ್ಟೇ: ನನ್ನಂಥ ದಲ್ಲಾಳಿ ಎಷ್ಟೇ ಹೊಗಳಲಿ, ದುಡ್ಡು ಎಣಿಸುವ ಮುಂಚೆ ಶಾಂಪೂ ನೀರಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಆ ಕರಿ ಪಟ್ಟಿಯನ್ನು ಒಮ್ಮೆ ಒರೆಸಿ ನೋಡಿ.